ನಿಂತ ಗಾಡಿಯ ಲೆಕ್ಕ

ನಮ್ಮ ಮಾವನ ಲಾರಿ ಬೆಳಿಗ್ಗೆ ಹತ್ತಕ್ಕೆಲ್ಲ ನೆಲಮಂಗಲದ ಒಂದು ಗೋಡೌನ್ ಗೇಟಿನ ಮುಂದೆ ನಿಂತಿತ್ತು. ಲೋಡ್ ಮುಗಿದು ಟಾರ್ಪಾಲ್ ಕಟ್ಟುವ ಹೊತ್ತಿಗೆ ರಾತ್ರಿ ಹತ್ತೂವರೆ. ಮಾಲು ಪುಣೆಗೆ. ನಾನು ಹುಬ್ಬಳ್ಳಿಗೆ ಹೋಗಬೇಕಿತ್ತು. ‘ಕ್ಲೀನರ್ ಸೀಟು ಖಾಲಿ ಇದೆ, ಬಾರೋ’ ಅಂದಿದ್ದರು. ಕ್ಲೀನರ್ ಇಡುವುದನ್ನು ಅವರ ಮಾಲೀಕ ಬಿಟ್ಟು ಎಷ್ಟೋ ಕಾಲವಾಗಿದೆ. ಆ ಕೆಲಸವೂ ಈಗ ಡ್ರೈವರ್ ತಲೆಗೇ.

ಅಷ್ಟು ಹೊತ್ತು ಸುಮ್ನೆ ನಿಂತಿದ್ದರಲ್ಲ, ಒಂದು ನಿದ್ದೆ ತೆಗೆಯಬಹುದಿತ್ತು ಅಲ್ವಾ? ಆಗಲ್ಲ. ಒಂದು ಲಾರಿ ಒಳಗೆ ಹೋದರೆ ಹಿಂದಿನವರೆಲ್ಲ ಒಂದು ಗಾಡಿಯಷ್ಟು ಮುಂದೆ ಸರಿಯಬೇಕು. ಕಣ್ಣು ಹತ್ತುವಷ್ಟರಲ್ಲಿ ಸೆಕ್ಯುರಿಟಿಯವನು ಬಾಗಿಲು ಬಡಿಯುತ್ತಾನೆ. ಏಳದಿದ್ದರೆ ಸರದಿ ಹೋಯಿತು. ಮೇ ತಿಂಗಳ ಬಿಸಿಲಿಗೆ ಕ್ಯಾಬಿನ್ ಕಾದು ಕೂತಿತ್ತು. ನೆರಳು ಅಂದರೆ ಲಾರಿ ಅಡಿ ಮಾತ್ರ. ಗೇಟಿನ ಒಳಗೆ ಶೌಚಾಲಯ ಇತ್ತು, ಡ್ರೈವರ್‌ಗಳಿಗಲ್ಲ. ಈ ಕಾಯುವಿಕೆಗೆ ದುಡ್ಡೂ ಇಲ್ಲ. ಮಾವನಿಗೆ ಟ್ರಿಪ್ಪಿಗೆ ಇಷ್ಟು ಅಂತ ಲೆಕ್ಕ.

ಇಷ್ಟಾದರೂ ಪುಣೆ ತಲುಪಬೇಕಾದ ಹೊತ್ತು ಬದಲಾಗಲಿಲ್ಲ. ತಡ ಮಾಡಿದ್ದು ಗೋಡೌನ್‌ನವರು, ಸರಿದೂಗಿಸಬೇಕಾದ್ದು ಮಾವ.

ಸಿರಾ ಹತ್ತಿರ ಟೀ ಕುಡಿಯುವಾಗ ನಾನು ಕಾನೂನಿನ ಮಾತು ತೆಗೆದೆ. ಮೋಟಾರು ಸಾರಿಗೆ ಕೆಲಸಗಾರರಿಗೆ ಅಂತಲೇ 1961ರಲ್ಲಿ ಒಂದು ಕಾಯ್ದೆ ಬಂತು. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು ಅಂತ ಅದರಲ್ಲಿ ಬರೆದಿದ್ದರು. ಆದರೆ 5 ಜನಕ್ಕಿಂತ ಕಡಿಮೆ ಕೆಲಸಗಾರರಿದ್ದ ಕಡೆಗೆ ಅದು ತಾನಾಗೇ ಅನ್ವಯ ಆಗುತ್ತಿರಲಿಲ್ಲ. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರೇನು ಕಡಿಮೆಯೇ! 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯ ಅಂದಾಗ ಮಾವ ನಕ್ಕರು. ‘ಈ ಗಾಡಿ ಹಳೇದಪ್ಪ. ಹೊಸಾದ್ರಲ್ಲೂ ನಿಂತಾಗ ಇಂಜಿನ್ ಆನ್ ಇಡೋಕೆ ಡೀಸೆಲ್ ಯಾರು ಕೊಡ್ತಾರೆ?’

ಹಿರಿಯೂರು ದಾಟಿದಾಗ ಮೂರು ಗಂಟೆ ಹತ್ತಿರ. ಮಾವ ಒಂದೇ ಕಥೆಯನ್ನು ಎರಡನೇ ಸಲ ಶುರು ಮಾಡಿದರು. ಆಮೇಲೆ ಮಾತೇ ನಿಂತಿತು. ಕಣ್ಣು ತೆರೆದೇ ಇತ್ತು. ಗಾಡಿ ಮಾತ್ರ ನಿಧಾನಕ್ಕೆ ಎಡಕ್ಕೆ ಎಳೆಯುತ್ತಿತ್ತು. ಮುಂದೆ ರಸ್ತೆ ಬದಿಯಲ್ಲಿ ಪಾರ್ಕಿಂಗ್ ಲೈಟೂ ಇಲ್ಲದೆ ಒಂದು ಲಾರಿ ನಿಂತಿತ್ತು. ‘ಮಾವಾ!’ ಅಂತ ಕಿರುಚಿದೆ. ಸ್ಟೇರಿಂಗ್ ತಿರುಗಿತು, ಬಚಾವಾದೆವು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಮಂಪರು ಬಂದರೆ ಗಾಡಿ 50 ಮೀಟರ್ ಹೋಗಿರುತ್ತದೆ. ರಾತ್ರಿ ಮೂರರ ಹೊತ್ತಲ್ಲಿ ಮೈ ತಾನಾಗೇ ನಿದ್ದೆ ಕೇಳುತ್ತೆ. ಹಗಲೂ ಮಲಗದವರನ್ನು ಟೀ ಎಷ್ಟು ಹೊತ್ತು ಎಚ್ಚರ ಇಡುತ್ತೆ?

ಮುಂದೆ ಸಿಕ್ಕ ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದೆವು. ‘ಡೀಸೆಲ್ ಟ್ಯಾಂಕ್ ಕಡೆ ಒಂದು ಕಣ್ಣಿಡು’ ಅಂದು ಮಾವ ಹಿಂದಿನ ಸೀಟಿಗೆ ಒರಗಿದರು. ಒಬ್ಬರೇ ಇದ್ದಾಗ ಡೀಸೆಲ್ಲು, ಬ್ಯಾಟರಿ ಕಳ್ಳರ ಭಯಕ್ಕೆ ಅರೆನಿದ್ದೆಯೇ ಗತಿಯಂತೆ. ಅವತ್ತು ಗೊರಕೆ ಹೊಡೆದರು.

ಐದಕ್ಕೆ ಮಾಲೀಕರ ಫೋನ್ ಬಂತು. ನಾನೇ ಎತ್ತಿದೆ.

‘ಜಿಪಿಎಸ್‌ನಲ್ಲಿ ಗಾಡಿ ನಿಂತಿರೋದು ತೋರಿಸ್ತಿದೆ, ಯಾಕೆ?’

ಹಿಂದಿನ ದಿನ ಪೂರ್ತಿ ಅದೇ ಜಿಪಿಎಸ್ ನಿಂತ ಗಾಡಿಯನ್ನೇ ತೋರಿಸುತ್ತಿತ್ತು. ಆಗ ಒಂದು ಫೋನೂ ಬಂದಿರಲಿಲ್ಲ. ‘ಮಲಗಿದ್ದಾರೆ, ಆರಕ್ಕೆ ಹೊರಡ್ತಾರೆ’ ಅಂದೆ. ಆ ಕಡೆಯಿಂದ ಬೈಗುಳ ಬಂತು. ಆದರೂ ಆರರವರೆಗೆ ನಾನು ಎಬ್ಬಿಸಲಿಲ್ಲ.

ಹುಬ್ಬಳ್ಳಿ ಬೈಪಾಸಿನಲ್ಲಿ ನಾನು ಇಳಿದುಕೊಂಡೆ. ಮಾವನಿಗೆ ಇನ್ನೂ ನಾನೂರು ಕಿಲೋಮೀಟರ್ ಮೇಲಿತ್ತು. ರಾತ್ರಿ ಫೋನ್ ಮಾಡಿದಾಗ ಪುಣೆ ತಲುಪಿದ್ದರು. ‘ಅನ್‌ಲೋಡ್ ಆಯ್ತಾ?’ ಅಂದೆ. ‘ಎಲ್ಲಿ, ಮುಂದೆ ಹನ್ನೊಂದು ಗಾಡಿ ಇದಾವೆ. ಇಡ್ತೀನಿ, ಕ್ಯೂ ಸರಿತಿದೆ’ ಅಂದರು.