ಜೋಳದ ತವರು

ರಾತ್ರಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲೇ ಅಣ್ಣನ ಮಗಳು ಆಫ್ರಿಕಾದ ನಕ್ಷೆ ಹರವಿಕೊಂಡು ಕೂತಿದ್ದಳು. ಐದನೇ ಕ್ಲಾಸು. ನಾಳೆ ಬಣ್ಣ ಹಚ್ಚಿ ಒಯ್ಯಬೇಕಂತೆ.

"ಕಾಕಾ, ಎಲ್ಲಾದಕ್ಕೂ ಒಂದೇ ಬಣ್ಣ ಹಚ್ಚಲಾ?"

"54 ದೇಶ ಅದಾವ ನಮ್ಮವ್ವ, ಒಂದೇ ಬಣ್ಣ ಹೆಂಗ ಸಾಕಾಗ್ತದ?"

ಅವಳಿಗೆ ಗೊತ್ತಿದ್ದದ್ದು ಸಿಂಹ, ಆನೆ, ಮರುಭೂಮಿ. ಸುಳ್ಯಾಕೆ, ಆ ವಯಸ್ಸಲ್ಲಿ ನನಗೂ ಅಷ್ಟೇ.

ಇಥಿಯೋಪಿಯಾದ ಮೇಲೆ ಬೆರಳಿಟ್ಟು ಹೇಳಿದೆ, ಅಲ್ಲಿ ವರ್ಷಕ್ಕೆ 13 ತಿಂಗಳು. ಹನ್ನೆರಡಕ್ಕೆ 30 ದಿನ, ಕೊನೆಯದಕ್ಕೆ ಬರೀ 5, ಒಮ್ಮೊಮ್ಮೆ 6. ಈಗ ಅವಳ ಹುಟ್ಟುಹಬ್ಬ ಆ ಪುಟ್ಟ ತಿಂಗಳಲ್ಲೇ ಬರಬೇಕಂತೆ.

ಪಕ್ಕದ ಸುಡಾನಿಗೆ ಬಂದೆ. ಅಲ್ಲಿ ಜೋಳದ ಹಿಟ್ಟನ್ನು ಹುಳಿ ಬರಿಸಿ, ಹಂಚಿನ ಮೇಲೆ ಕಾಗದದ ಹಾಗೆ ತೆಳ್ಳಗೆ ಹರಡಿ ಕಿಸ್ರಾ ಮಾಡುತ್ತಾರೆ. ಆ ಕಡೆ ಸಿಕ್ಕ 5000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ಜೋಳದ ಗುರುತು ಇದೆ. ನಮ್ಮ ಜೋಳದ ತವರೇ ಆಫ್ರಿಕಾ ಅಂದೆ.

ರೊಟ್ಟಿ ಸಪ್ಪಳ ನಿಂತಿತು.

"ಇದು ರಾಯಚೂರು ಜ್ವಾಳ ಅಲ್ಲೇನು?" ಅವ್ವನ ದನಿಯಲ್ಲಿ ಸ್ವಲ್ಪ ಸಿಟ್ಟೇ ಇತ್ತು. ಅವಳ ಮಟ್ಟಿಗೆ ಜೋಳ ಹುಟ್ಟಿದ್ದು ಅವಳಪ್ಪನ ಎರೆ ಹೊಲದಲ್ಲಿ.

ಒಂದು ರೊಟ್ಟಿ ಬೇಯುವಷ್ಟು ಹೊತ್ತು ಸುಮ್ನಿದ್ದು ಕೇಳಿದಳು, "ಹುಳಿ ಬರಿಸಿದ್ರ ಚಟ್ನಿಪುಡಿ ಜತಿ ಹೊಂದ್ತದೇನ?"

ಹುಡುಗಿ ಸುಡಾನಿಗೆ ರೊಟ್ಟಿ ಬಣ್ಣ ಹಚ್ಚಿದ್ದಾಳೆ. ನೋಡಲು ಬಗ್ಗಿದ ಅವ್ವನ ಹಿಟ್ಟಿನ ಬೆರಳಚ್ಚೊಂದು ಮಡಗಾಸ್ಕರ್ ಪಕ್ಕ ಬಿದ್ದಿದೆ. ಹೊಸ ದ್ವೀಪದ ಹಾಗೆ. ಒರೆಸೋಕೆ ಬಿಡ್ತಿಲ್ಲ.