ವೆಂಟೊಟೆನೆ: ಅಪ್ಪ ಗಡೀಪಾರು ಮಾಡಿದ ಮಗಳ ದ್ವೀಪ

ಇಟಲಿಯ ಫೋರ್ಮಿಯಾ ಬಂದರಿನಿಂದ ಫೆರ್ರಿ ಹತ್ತಿದರೆ ಸುಮಾರು ಎರಡು ಗಂಟೆಗೆ ವೆಂಟೊಟೆನೆ ಸಿಗುತ್ತದೆ. ಪುಟ್ಟ ದ್ವೀಪ, ಎರಡು ಚದರ ಕಿಲೋಮೀಟರ್ ಕೂಡ ಇಲ್ಲ. ರೋಮನ್ನರು ಬಂಡೆ ಕೊರೆದು ಮಾಡಿದ ಬಂದರಿನಲ್ಲಿ ಇವತ್ತಿಗೂ ದೋಣಿಗಳು ನಿಲ್ಲುತ್ತವೆ.

ನಾನು ಬಂದಿದ್ದು ಜೂಲಿಯಾಳಿಗಾಗಿ. ಚಕ್ರವರ್ತಿ ಅಗಸ್ಟಸ್‌ನ ಒಬ್ಬಳೇ ಮಗಳು. ಕ್ರಿ.ಪೂ. 2ರಲ್ಲಿ ವ್ಯಭಿಚಾರದ ಆರೋಪ ಹೊರಿಸಿ ಅಪ್ಪನೇ ಅವಳನ್ನು ಇಲ್ಲಿಗೆ ಗಡೀಪಾರು ಮಾಡಿದ. ಅದೇ ವರ್ಷ ಅವನಿಗೆ 'ರಾಷ್ಟ್ರಪಿತ' ಅನ್ನೋ ಬಿರುದು ಸಿಕ್ಕಿತ್ತು!

ದ್ವೀಪದ ಉತ್ತರ ತುದಿ ಪುಂತಾ ಎಯೋಲೋದಲ್ಲಿ ಅವಳಿದ್ದ ಬಂಗಲೆಯ ಅವಶೇಷಗಳಿವೆ. ಕುಸಿದ ಗೋಡೆಗಳು, ಸ್ನಾನದ ಮನೆಯ ಕೋಣೆಗಳು, ಮೂರು ಕಡೆ ಸಮುದ್ರ. ಗಾಳಿ ಎಷ್ಟು ಜೋರಾಗಿತ್ತು ಅಂದರೆ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದೆ. ಜಾಗವೇನೋ ಚೆಂದ. ಆದರೆ ಅವಳಿಗೆ ಇಲ್ಲಿ ವೈನ್ ಕೊಡುವಂತಿರಲಿಲ್ಲ, ಅಪ್ಪನ ಅನುಮತಿ ಇಲ್ಲದೆ ಯಾವ ಗಂಡಸೂ, ಗುಲಾಮ ಕೂಡ, ಹತ್ತಿರ ಸುಳಿಯುವಂತಿರಲಿಲ್ಲ. ಜೊತೆಗೆ ಬಂದವಳು ತಾಯಿ ಸ್ಕ್ರಿಬೋನಿಯಾ ಮಾತ್ರ, ತಾನಾಗಿಯೇ.

ಅವಳೇನು ಚಿಕ್ಕ ಹುಡುಗಿಯಲ್ಲ, ವಯಸ್ಸು ಮೂವತ್ತೈದು ದಾಟಿತ್ತು, ಆರು ಮಕ್ಕಳನ್ನು ಹೆತ್ತವಳು. ಆದರೆ ರೋಮ್‌ನ ಕಾನೂನಿಗೆ ಇದು ಲೆಕ್ಕಕ್ಕೇ ಇಲ್ಲ. ಮನೆಯ ಯಜಮಾನ ಬದುಕಿರುವವರೆಗೂ ಮಕ್ಕಳು, ಗಂಡುಮಕ್ಕಳ ಮಕ್ಕಳು ಎಲ್ಲರೂ ಅವನ ಕೈಕೆಳಗೆ. ಮದುವೆಯಾದ ಮಗಳೂ ಸಾಮಾನ್ಯವಾಗಿ ಅಪ್ಪನ ಅಧಿಕಾರದಲ್ಲೇ ಉಳಿಯುತ್ತಿದ್ದಳು. ಹುಟ್ಟಿದ ಕೂಸನ್ನು ಸಾಕಬೇಕೋ ಹೊರಗೆ ಬಿಡಬೇಕೋ ಅಂತ ಹೇಳುವವನು ಅವನೇ. ಮಕ್ಕಳನ್ನು ಕೊಲ್ಲುವ ಹಕ್ಕೂ ಕಾನೂನಿನಲ್ಲಿತ್ತು, ಬಳಸಿದವರು ಕಡಿಮೆ. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ದಿನನಿತ್ಯದ ಹಿಡಿತ: ಮಗ ಕಾನ್ಸಲ್ ಆಗಿ ದೇಶ ಆಳಿದರೂ, ಅಪ್ಪ ಬದುಕಿದ್ದರೆ ಕಾನೂನಿನ ಪ್ರಕಾರ ಮಗನ ಹೆಸರಲ್ಲಿ ಸ್ವಂತ ಆಸ್ತಿ ಇರುವಂತಿರಲಿಲ್ಲ. ಕ್ರಿ.ಪೂ. 5ನೇ ಶತಮಾನದ ಹನ್ನೆರಡು ಫಲಕಗಳ ಕಾನೂನಿನಲ್ಲಿ ಒಂದು ಸಾಲಿದೆ, ಅಪ್ಪ ಮಗನನ್ನು ಮೂರು ಸಲ ಮಾರಿದರೆ ಮಗ ಸ್ವತಂತ್ರ. ಮೂರು ಸಲ!

ಜೂಲಿಯಾಳ ಬದುಕಿನಲ್ಲಿ ಇದೆಲ್ಲ ಕಾಣುತ್ತದೆ. ಮೂರೂ ಮದುವೆ ಅಪ್ಪ ಗೊತ್ತು ಮಾಡಿದ್ದೇ. ಎರಡನೇ ಗಂಡ ಅಗ್ರಿಪ್ಪನಿಗೆ ಹೆಚ್ಚುಕಮ್ಮಿ ಅಪ್ಪನಷ್ಟೇ ವಯಸ್ಸು. ಅವಳ ಮೊದಲ ಇಬ್ಬರು ಗಂಡುಮಕ್ಕಳನ್ನು ಅಗಸ್ಟಸ್ ಕ್ರಿ.ಪೂ. 17ರಲ್ಲಿ, ತಕ್ಕಡಿ ಮತ್ತು ನಾಣ್ಯ ಇಟ್ಟು ನಡೆಸುವ ಶಾಸ್ತ್ರದಂತೆ, ಅಳಿಯನಿಂದ ಕೊಂಡು ದತ್ತು ತೆಗೆದುಕೊಂಡ. ತಾಯಿಯ ಒಪ್ಪಿಗೆ ಕಾನೂನಿಗೆ ಬೇಕಾಗಿರಲಿಲ್ಲ. ಕೊನೆಗೆ ಮೂರನೇ ಗಂಡ ಟಿಬೇರಿಯಸ್ ಹೆಸರಿನಲ್ಲಿ ವಿಚ್ಛೇದನದ ಪತ್ರ ಕಳಿಸಿದವನೂ ಅಪ್ಪನೇ.

ಜನ ಮತ್ತೆಮತ್ತೆ ಬೇಡಿಕೊಂಡರೂ ಅವನು ಅವಳನ್ನು ರೋಮ್‌ಗೆ ಕರೆಸಲಿಲ್ಲ. ಐದು ವರ್ಷದ ನಂತರ ದ್ವೀಪದಿಂದ ಇಟಲಿಯ ನೆಲಕ್ಕೆ ಸ್ಥಳಾಂತರಿಸಿದ, ಅಷ್ಟೇ. ಕ್ರಿ.ಶ. 14ರಲ್ಲಿ ಅವನು ಸತ್ತ, ಅದೇ ವರ್ಷ ಅವಳೂ. ರೋಮ್‌ನಲ್ಲಿ ಟೈಬರ್ ದಂಡೆ ಹತ್ತಿರ ಅಗಸ್ಟಸ್‌ನ ದೊಡ್ಡ ದುಂಡನೆಯ ಸಮಾಧಿ ಇದೆಯಲ್ಲ, ಅದರಲ್ಲಿ ಜೂಲಿಯಾಳನ್ನು ಹುಡುಕಬೇಡಿ. ಅವಳಿಗೆ ಅಲ್ಲಿ ಜಾಗ ಕೊಡಬಾರದು ಅಂತ ಅವನು ಉಯಿಲಿನಲ್ಲೇ ಬರೆಸಿದ್ದ.