ಬೆಣ್ಣೆಗೆ ಎತ್ತಿಟ್ಟ ಕೆನೆ ಮಾವಿನ ಶೇಕ್‌ಗೆ ಸಿಕ್ಕ ದಿನ

ಮ್ಯಾಂಗೋ ಶೇಕ್ ಗಟ್ಟಿಯಾಗಬೇಕಾದರೆ ಐಸ್‌ಕ್ರೀಮ್ ಹಾಕಲೇಬೇಕು ಅಂತ ಬಹಳ ಜನ ನಂಬಿದ್ದಾರೆ. ಹೋದ ಮೇ ತಿಂಗಳಲ್ಲಿ ನಮ್ಮ ದಾವಣಗೆರೆ ಮನೆಯಲ್ಲಿ ಮಾಡಿದ ಶೇಕ್‌ಗೆ ಅದು ಬೇಕಾಗಲೇ ಇಲ್ಲ.

ಹರಿಹರದಿಂದ ನಾದಿನಿ ಮಕ್ಕಳ ಜೊತೆ ಬಂದಿದ್ದಳು. ಬೆಳಿಗ್ಗೆ ಹತ್ತಕ್ಕೇ ತಾರಸಿ ಮೇಲೆ ಕಾಲಿಡೋಕೆ ಆಗದಂಥ ಬಿಸಿಲು. ಮಕ್ಕಳು ಜ್ಯೂಸ್ ಸೆಂಟರ್‌ಗೆ ಹೋಗೋಣ ಅಂತ ಹಟ ಹಿಡಿದರು. ಮನೆತುಂಬ ಮಾವಿನ ಘಮ ಇಟ್ಟುಕೊಂಡು ಹೊರಗೆ ಯಾಕೆ ಹೋಗಬೇಕು, ಅಲ್ವಾ? ಮಾವನವರು ಸಂತೇಬೆನ್ನೂರು ಕಡೆಯ ತೋಟದಿಂದ ಕಾಯಿ ತಂದು, ಭತ್ತದ ಹುಲ್ಲಿನಲ್ಲಿ ಅಡೆ ಹಾಕಿದ್ದರು. ಹೀಗೆ ಹಣ್ಣಾದ ಮಾವಿನ ರುಚಿಯೇ ಬೇರೆ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತೆಯ ನಿಯಮದಲ್ಲೇ ನಿಷೇಧಿಸಿದ್ದಾರೆ. ಅಂಥ ಹಣ್ಣು ಮೇಲೆ ಹಳದಿಯಾದರೂ ಒಳಗೆ ಸಪ್ಪೆ. ಎಷ್ಟು ಸಕ್ಕರೆ ಸುರಿದರೂ ಅದರಿಂದ ಒಳ್ಳೆಯ ಶೇಕ್ ಆಗುವುದಿಲ್ಲ.

ಬಾದಾಮಿ ಮತ್ತು ರಸಪುರಿ ಎರಡೂ ಇದ್ದವು. ಶೇಕ್‌ಗೆ ನನ್ನ ಆಯ್ಕೆ ಬಾದಾಮಿ. ಅದರಲ್ಲಿ ನಾರಿಲ್ಲ, ತಿರುಳು ಗಟ್ಟಿ. ರಸಪುರಿ ರಸ ತೆಳು, ಸೀಕರಣೆಗೆ ಚೆಂದ. ಆದರೂ ಪರಿಮಳಕ್ಕೆ ಅಂತ ಒಂದು ರಸಪುರಿ ಸೇರಿಸಿದೆ. ಹಣ್ಣನ್ನು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಹೆಚ್ಚಿ, ತಟ್ಟೆಯಲ್ಲಿ ಹರಡಿ ಫ್ರೀಜರ್‌ಗೆ ಇಟ್ಟೆ.

ನಾದಿನಿ ಐಸ್ ತೆಗೆಯೋಕೆ ಹೋದಳು. ಅಡುಗೆಮನೆಯಿಂದಲೇ ಅತ್ತೆ ಕೂಗಿದರು: "ಐಸ್ ಹಾಕಬ್ಯಾಡವ್ವ, ನೀರಾಗ್ತತಿ." ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಐಸ್ ಕರಗಿದರೆ ಮಾವಿನ ರುಚಿಯೂ ತೆಳುವಾಗುತ್ತದೆ. ಹಣ್ಣೇ ಗಡ್ಡೆ ಕಟ್ಟಿದ್ದರೆ ತಂಪೂ ಅದರಿಂದಲೇ, ಗಟ್ಟಿತನವೂ ಅದರಿಂದಲೇ.

ಇನ್ನು ಕೆನೆ. ನಮ್ಮ ಮನೆಗೆ ಎಮ್ಮೆ ಹಾಲು ಬರುತ್ತದೆ. ಅದರಲ್ಲಿ ಜಿಡ್ಡು ಸುಮಾರು ಶೇ 6ರಿಂದ 7, ಹಸುವಿನ ಹಾಲಿನಲ್ಲಿ ಶೇ 4ರ ಆಸುಪಾಸು. ಪ್ಯಾಕೆಟ್ ಹಾಲು ತರುವವರು ಶೇ 3 ಜಿಡ್ಡಿನ ಟೋನ್ಡ್ ಹಾಲು ಬಿಟ್ಟು ಶೇ 6ರ ಫುಲ್ ಕ್ರೀಮ್ ತಂದರೆ ಒಳ್ಳೆಯದು. ಅತ್ತೆ ದಿನಾ ಕೆನೆ ಎತ್ತಿ, ಹೆಪ್ಪು ಹಾಕಿ, ವಾರಕ್ಕೊಮ್ಮೆ ಕಡೆದು ಬೆಣ್ಣೆ ತೆಗೆಯುತ್ತಾರೆ. ಬೆಣ್ಣೆ ದೋಸೆಯ ಊರಲ್ಲಿ ಆ ಕೆನೆ ಕೇಳೋದು ಸಣ್ಣ ಮಾತಲ್ಲ. ನಾನು ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಮಕ್ಕಳಿಗೇ ಅಲ್ಲೇನು, ತಗಾ" ಅಂದರು. ಹೆಪ್ಪು ಹಾಕಿಟ್ಟಿದ್ದನ್ನು ಮುಟ್ಟಲಿಲ್ಲ, ಅದು ಶೇಕ್‌ಗೆ ಹುಳಿ. ಬೆಳಿಗ್ಗೆ ಕಾಯಿಸಿ ಫ್ರಿಜ್‌ನಲ್ಲಿಟ್ಟ ಹಾಲಿನ ಮೇಲಿನ ಕೆನೆಯನ್ನು ಅವರೇ ಪದರ ಮುರಿಯದ ಹಾಗೆ ಎತ್ತಿ ಬಟ್ಟಲಿಗೆ ಹಾಕಿಕೊಟ್ಟರು. ಅದಕ್ಕೆ ನಾಲ್ಕು ಚಮಚ ಹಾಲು ಬೆರೆಸಿ, ಗಂಟಿಲ್ಲದಂತೆ ಮಸೆದು ಇಟ್ಟುಕೊಂಡೆ.

ಮಿಕ್ಸಿಗೆ ಮೊದಲು ಹೋಗಿದ್ದು ಹಣ್ಣು, ಸ್ವಲ್ಪ ಸಕ್ಕರೆ, ಚಿಟಿಕೆ ಏಲಕ್ಕಿ ಪುಡಿ, ಅರ್ಧ ಲೋಟ ಹಾಲು. ತಣ್ಣಗಿನದರಲ್ಲಿ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಹಾಗಾಗಿ ರುಚಿ ನೋಡಿದಾಗ ಒಂಚೂರು ಜಾಸ್ತಿ ಸಿಹಿ ಅನ್ನಿಸಿದರೂ ಬಿಟ್ಟೆ. ನುಣ್ಣಗಾದ ಮೇಲೆ ಉಳಿದ ಹಾಲು. ಎಲ್ಲಕ್ಕಿಂತ ಕೊನೆಗೆ ಕೆನೆ, ಅದೂ ಎರಡೇ ಸುತ್ತು. ತಣ್ಣಗಿನ ಕೆನೆಯನ್ನು ಮಿಕ್ಸಿಯಲ್ಲಿ ಬಹಳ ಹೊತ್ತು ತಿರುಗಿಸಿದರೆ ಬೆಣ್ಣೆ ಬಿಟ್ಟುಕೊಂಡು ಸಣ್ಣ ಸಣ್ಣ ಕಾಳು ತೇಲುತ್ತದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಸಾಕು, ಸಾಕು, ನಿಲ್ಸು!" ಮಿಕ್ಸಿ ಸದ್ದಿಗಿಂತ ಅವರ ದನಿಯೇ ಜೋರು. ಇಷ್ಟು ವರ್ಷ ಕಡಗೋಲು ಹಿಡಿದ ಕೈ, ಕೆನೆ ಯಾವಾಗ ಬೆಣ್ಣೆಯಾಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಲೋಟಕ್ಕೆ ಬಗ್ಗಿಸಿದಾಗ ದೋಸೆ ಹಿಟ್ಟಿನ ಹಾಗೆ ನಿಧಾನವಾಗಿ ಇಳಿಯಿತು. ಬಣ್ಣ ಹಾಕಿಲ್ಲ, ಎಸೆನ್ಸ್ ಹಾಕಿಲ್ಲ. ಮಕ್ಕಳು ಚಮಚ ಕೇಳಿದರು! ಶೇಕ್ ಕುಡಿಯದ ಮಾವನವರೂ ಲೋಟ ಮುಂದೆ ಹಿಡಿದರು. ಅತ್ತೆಯ ಮುಖದಲ್ಲಿ ಕಂಡ ಸಂತೋಷ ನನಗೆ ಎಲ್ಲಕ್ಕಿಂತ ದೊಡ್ಡದು.

ಮಾಡಿದ ಶೇಕ್ ಇಡಬಾರದು, ಆಗಲೇ ಕುಡಿದು ಮುಗಿಸಬೇಕು. ಉಳಿದ ಹಣ್ಣನ್ನು ಹಾಲು ಸೇರಿಸದೆ ರುಬ್ಬಿ, ಡಬ್ಬಿಗೆ ತುಂಬಿ ಗಡ್ಡೆ ಕಟ್ಟಿಸಿದೆ. ಸಂಜೆ ನಾದಿನಿ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದಳು. ಹರಿಹರ ದೂರವೇನಲ್ಲ, ಕರಗುವುದರೊಳಗೆ ಮನೆ ಸೇರಿದಳಂತೆ. ಕೆನೆ ಮಾತ್ರ ಅವಳೇ ಎತ್ತಿಕೊಳ್ಳಬೇಕು.